ಬಾಗಿಲ ಕಡೆಯಿಂದ ಮೂರನೆಯದು

ಪ್ರಿಂಟರ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇದು ಒಳ್ಳೆಯ ಗುಣವೇನಲ್ಲ. ಕಳೆದ ತಿಂಗಳು ಸಂಡೂರಿನಲ್ಲಿ ಅಪ್ಪನ ಹೆಸರಿನ ಒಂದು ದಾಖಲೆ ತೆಗೆಸಲು ಹೋಗಿದ್ದೆ. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು, "ಪ್ರಿಂಟ್ ಬರವಲ್ದ್ರಿ, ನಾಳೆ ಬರ್ರಿ" ಎಂದಳು. ನನ್ನ ಹಿಂದೆ ನಿಂತಿದ್ದವರು ಗೊಣಗುತ್ತ ಚದುರಿದರು. ನಾನು ಮಾತ್ರ ಕಿಟಕಿಯೊಳಗೆ ತಲೆ ತೂರಿಸಿ, "ಮೇಡಂ, ಬೆಳಿಗ್ಗೆ ಯಾವ ಕಂಪ್ಯೂಟರ್ ಮೊದಲು ಹಚ್ಚಿದ್ರಿ?" ಎಂದು ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವುದು ಮೊದಲು ಹಚ್ಚಿದ್ರ ನಿಮಗೇನ್ರಿ?" ಎಂದಳು.

ನ್ಯಾಯವಾದ ಮಾತು. ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತಾಗ ನನಗೇ ನಗು ಬಂತು. ಅವರ ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತೋ ಏನೋ ಯಾರು ಬಲ್ಲರು. ನಾನು ಕೇಳಿದ ಪ್ರಶ್ನೆ ಆ ಕಚೇರಿಯದಲ್ಲ, ನನ್ನ ಮದುವೆಯ ದಿನದ್ದು.

ನನ್ನ ಮದುವೆಯ ದಿನ ಬೆಳಿಗ್ಗೆ ನಾನು ಎರಡು ತಾಸು ಒಂದು ಮೇಜಿನ ಕೆಳಗೆ ಮಲಗಿದ್ದೆ. ಎಲ್ಲರೂ ಒಪ್ಪುವ ಸಂಗತಿ ಇಷ್ಟು ಮಾತ್ರ. ಉಳಿದದ್ದನ್ನು ನನಗೆ ನೆನಪಿರುವಂತೆ ಹೇಳುತ್ತೇನೆ. ಆದರೆ ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುವುದು ಮೇಲು.

ಒಂದು ಉದಾಹರಣೆ ಕೊಡುತ್ತೇನೆ. ನಾನು ನಾಲ್ಕೈದು ವರ್ಷದವನಿದ್ದಾಗ ಹಂಪಿಯ ಹೊಳೆಯಲ್ಲಿ ಹರಿಗೋಲು ಹತ್ತಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಬುಟ್ಟಿಯ ತಳದಲ್ಲಿ ಬೆರಳಿನಷ್ಟು ನೀರು. ಹುಟ್ಟು ಹಾಕುವವನ ಕಪ್ಪು ಮೊಣಕಾಲು. ಹರಿಗೋಲು ಒಂದು ಸುತ್ತು ತಿರುಗಿದಾಗ ಬಂಡೆಗಳೆಲ್ಲ ನನ್ನ ಸುತ್ತ ಓಡಿದವು. ನನ್ನ ಕಾಲಿನ ಕಂದು ಚಪ್ಪಲಿ ಜಾರಿ ನೀರಿಗೆ ಬಿದ್ದು, ದೋಣಿಯಂತೆ ತೇಲುತ್ತ ಹೋಯಿತು. ನಾನು ಅತ್ತೆ. ಇದನ್ನು ನಾನು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ರಜೆಗೆ ಬಂದಾಗ ಅಕ್ಕನ ಮುಂದೆ ಹೇಳಿದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಲೇ, ಆ ಚಪ್ಪಲಿ ನಂದು. ನಿನಗ ಅವತ್ತು ಮಂಗನಬಾವು. ನೀ ಎಲ್ಲಿ ಬಂದಿದ್ದಿ? ಸಂಡೂರಾಗ ಅವ್ವನ ತೊಡಿ ಮ್ಯಾಲ ಅಳ್ತಾ ಮಲಗಿದ್ದಿ" ಎಂದಳು. ಅವ್ವ ಹೌದೆಂದಳು, ಅಪ್ಪನೂ ಹೌದೆಂದ. ಅಳು ಒಂದೇ ನನ್ನದು, ಹೊಳೆ ಅವಳದು. ಅಕ್ಕ ಹೇಳುತ್ತಿದ್ದ ಕತೆಯನ್ನು ಕೇಳಿ ಕೇಳಿ ನಾನೇ ಅದರೊಳಗೆ ಹತ್ತಿ ಕೂತುಬಿಟ್ಟಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಚಪ್ಪಲಿ ಕಾಣುತ್ತದೆ. ಅದು ನನ್ನ ಅಳತೆಯದೇ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಭೌತಶಾಸ್ತ್ರ, ಗಟ್ಟಿಯಾಗಿ ಕಲಿತದ್ದು ಅನುಮಾನಿಸುವುದನ್ನು. ಯಾವ ಮಾತು ಕೇಳಿದರೂ "ಅದಕ್ಕೆ ಪುರಾವೆ ಏನು?" ಎನ್ನುವುದು ನನ್ನ ಚಟವಾಯಿತು. ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟೆ. ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಮಾಡಿದೆ, ಅದನ್ನೂ ಬಿಟ್ಟೆ. ಉಕ್ಕಿನ ಕಾರ್ಖಾನೆಯೊಂದರಲ್ಲಿ ಎಂಟು ತಿಂಗಳು ಮೀಟರುಗಳನ್ನು ನೋಡುತ್ತ ಕೂತಿದ್ದೆ. ಅವೂ ಸರಿಯಾಗಿ ತೋರಿಸುತ್ತಿವೆಯೇ ಎಂದು ಅನುಮಾನ ಬಂದು ಅಲ್ಲಿಂದಲೂ ಎದ್ದೆ. "ನಮ್ಮ ಪಂಪಾಪತಿ ಕುಂತ್ರ ಕುರ್ಚಿ ಬಿಸಿ ಆಗೋಕು ಮೊದಲ ಏಳ್ತಾನ" ಎಂದು ಗೆಳೆಯ ಬಸವ ಊರೆಲ್ಲ ಹೇಳುತ್ತಿದ್ದ. ಬಸವ ಹೊಸಪೇಟೆಯಲ್ಲಿ ಆಟೋ ಓಡಿಸುತ್ತಾನೆ. ಓಡಾಡುವುದೇ ಉದ್ಯೋಗವಾದ ಅವನು ಹೀಗೆ ಹೇಳುವುದು ನನಗೆ ಸರಿ ಕಾಣುತ್ತಿರಲಿಲ್ಲ.

ಕೊನೆಗೆ ನಾನು ನೆಲೆ ನಿಂತದ್ದು ಹೊಸಪೇಟೆಯಲ್ಲೇ, ಚಿತ್ತವಾಡ್ಗಿಯ ಒಂದು ಸಮುದಾಯ ಭವನದಲ್ಲಿ. ಕೆಳಗೆ ಹಾಲ್, ಗೋಡೆಯ ಮೇಲೆ ದೊಡ್ಡ ಬುದ್ಧನ ಚಿತ್ರ. ಮೇಲೆ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಕಲಿಸುತ್ತಿದ್ದವಳು ಸುಜಾತ. ಹಗಲು ಶಾಲೆಯ ಟೀಚರ್, ಸಂಜೆ ಇಲ್ಲಿ. ಸಂಡೂರಿನ ಕಡೆ ಗಣಿಯ ಆಫೀಸೊಂದು ತನ್ನ ಹಳೆಯ ಆರು ಕಂಪ್ಯೂಟರುಗಳನ್ನು ಆ ಕಲಿಕಾ ಕೇಂದ್ರಕ್ಕೆ ದಾನ ಕೊಟ್ಟಿತ್ತು. ಅವನ್ನು ಓಡುವಂತೆ ಮಾಡಿಕೊಡಲು ಯಾರಾದರೂ ಬೇಕಾಗಿತ್ತು. ಬಸವ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ತಂದು ಇಳಿಸಿ, "ಟೀಚರ್, ಖಾಲಿ ಕುಂತಾನ, ಬಳಸ್ಕೊಳ್ರಿ" ಎಂದ.

ಮೊದಲ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಒಳಗಿನಿಂದ ಕೆಂಪು ಧೂಳು ಬುರಬುರನೆ ಸುರಿಯಿತು. ನನ್ನ ಬಾಲ್ಯವೇ ಸುರಿದಂತಾಯಿತು. ಅಪ್ಪ ಸಂಡೂರಿನಲ್ಲಿ ಅದಿರು ಲಾರಿಗಳ ಟೈರಿಗೆ ಪಂಕ್ಚರ್ ಹಾಕುತ್ತಿದ್ದ. ನಮ್ಮ ಮನೆಯಲ್ಲಿ ಬಿಳಿ ಎನ್ನುವ ಬಣ್ಣವೇ ಇರಲಿಲ್ಲ. ನನ್ನ ಶಾಲೆಯ ಅಂಗಿಯನ್ನು ಅವ್ವ ವಾರವಿಡೀ ಉಜ್ಜುತ್ತಿದ್ದಳು. ಅದು ಸೋಮವಾರ ಬಿಸ್ಕತ್ತಿನ ಬಣ್ಣದಲ್ಲಿರುತ್ತಿತ್ತು, ಶನಿವಾರ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲ ಮಕ್ಕಳ ಅಂಗಿಯೂ ಹೀಗೇ ಬೆಳೆಯುತ್ತದೆ ಎಂದುಕೊಂಡಿದ್ದೆ. ಹೊಸಪೇಟೆಯ ಹೈಸ್ಕೂಲಿಗೆ ಬಂದಾಗಲೇ ಗೊತ್ತಾದದ್ದು, ಬಿಳಿ ಅಂಗಿ ವರ್ಷವಿಡೀ ಬಿಳಿಯಾಗಿಯೇ ಇರಬಹುದು ಎಂದು. ನಾನು ಆ ಧೂಳನ್ನು ಮೂಸಿ ನೋಡುತ್ತ ಕೂತಿದ್ದನ್ನು ನೋಡಿ ಸುಜಾತ, "ಏನ್ರೀ, ಅದು ನಶ್ಯ ಅಲ್ಲ" ಎಂದಳು. ಅವಳು ನನಗೆ ಹೇಳಿದ ಮೊದಲ ಮಾತು ಅದು. ಅಥವಾ ಎರಡನೆಯದು.

ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಆಫೀಸಿನ ಗುಟ್ಟು ಹೊರಗೆ ಹೋಗಬಾರದೆಂದು ಕೊಡುವ ಮುಂಚೆ ಅವನ್ನು ಕಿತ್ತಿಟ್ಟುಕೊಂಡಿದ್ದರು. ನಾನು ಎಲ್ಲಿಂದಲೋ ಒಂದು ಡಿಸ್ಕ್ ಹುಡುಕಿ ತಂದು ಒಂದು ಮಷಿನ್ನಿಗೆ ಹಾಕಿ ಮೂಲೆಯಲ್ಲಿಟ್ಟೆ. ಉಳಿದ ಐದಕ್ಕೂ ಅದರಿಂದ ತಂತಿ ಎಳೆದೆ.

ಡಿಸ್ಕ್ ಇಲ್ಲದ ಕಂಪ್ಯೂಟರಿಗೆ ತನ್ನದು ಅಂತ ಏನೂ ನೆನಪಿರುವುದಿಲ್ಲ. ಪ್ರತಿ ಬೆಳಿಗ್ಗೆ ಎಚ್ಚರವಾದ ಕೂಡಲೆ ಅದು ತಂತಿಯ ಮೇಲೆ ಕೂಗುತ್ತದೆ, "ನಾನು ಯಾರು?" ಮೂಲೆಯ ದೊಡ್ಡ ಮಷಿನ್, "ನೀನು ಇಂಥ ನಂಬರಿನವನು, ತಗೋ ನಿನ್ನ ಸಾಮಾನು" ಎಂದು ಒಂದು ನಂಬರನ್ನೂ ಕೆಲಸಕ್ಕೆ ಬೇಕಾದದ್ದನ್ನೂ ಕೊಡುತ್ತದೆ. ಸಂಜೆ ಆರಿಸಿದರೆ ಎಲ್ಲ ಮರೆತು ಮಲಗುತ್ತದೆ. ನನಗೆ ಈ ಏರ್ಪಾಡು ಬಹಳ ಹಿಡಿಸಿತ್ತು. ದಿನಾ ಬೆಳಿಗ್ಗೆ ತಾನು ಯಾರೆಂದು ಹೊಸದಾಗಿ ಕೇಳಿಕೊಳ್ಳುವ ಯಂತ್ರದ ಮೇಲೆ ನನ್ನಂಥವನಿಗೆ ಪ್ರೀತಿ ಹುಟ್ಟದೆ ಇರುತ್ತದೆಯೇ?

ಅವರು ಕೊಟ್ಟದ್ದರಲ್ಲಿ ಒಂದು ಪ್ರಿಂಟರೂ ಇತ್ತು. ಲಾರಿಗಳ ತೂಕದ ಚೀಟಿ ಹೊಡೆಯುತ್ತಿದ್ದ, ಎರಡೂ ಬದಿಗೆ ತೂತಿರುವ ಉದ್ದನೆಯ ಕಾಗದ ನುಂಗುವ, ಗಂಟಲು ಹರಿಯುವಂತೆ ಕರಕರ ಅರಚುವ ಹಳೆಯ ಮುದುಕ. ಅದರ ಅಗಲ ಬಾಯಿಯ ಕೇಬಲ್ ಕೂರುವಂಥ ಜಾಗ ಇದ್ದದ್ದು ಒಂದೇ ಮಷಿನ್ನಿನಲ್ಲಿ, ಕಿಟಕಿಯ ಪಕ್ಕದ್ದರಲ್ಲಿ. ಬಾಗಿಲ ಕಡೆಯಿಂದ ಎಣಿಸಿದರೆ ಅದು ಮೂರನೆಯದು. ಹಾಗಾಗಿ ನಾನು ದೊಡ್ಡ ಮಷಿನ್ನಿಗೆ, "ಪ್ರಿಂಟರ್ ಮೂರನೇ ನಂಬರಿನವನ ಹತ್ತಿರ ಇದೆ, ಏನಿದ್ದರೂ ಅವನಿಗೆ ಕಳಿಸು" ಎಂದು ಹೇಳಿಟ್ಟೆ. ಎರಡು ವರ್ಷ, ನನಗೆ ತಿಳಿದ ಮಟ್ಟಿಗೆ, ಒಂದು ದಿನವೂ ಪ್ರಿಂಟ್ ತಪ್ಪಲಿಲ್ಲ. ಅದು ನನ್ನ ಜಾಣತನ ಎಂದೇ ನಂಬಿದ್ದೆ. ಎಲ್ಲವನ್ನೂ ಅನುಮಾನಿಸುವ ನಾನು ಇದೊಂದನ್ನು ಅನುಮಾನಿಸಲಿಲ್ಲ.

ಕೇಂದ್ರದ ಬೀಗ ತೆಗೆದು, ಕಸ ಗುಡಿಸಿ, ಕಂಪ್ಯೂಟರುಗಳನ್ನು ಹಚ್ಚುತ್ತಿದ್ದವಳು ಹುಲಿಗೆಮ್ಮ. ಐವತ್ತರ ಹೆಂಗಸು, ಭಾಳ ಮಾತಿನವಳು. ಅವಳದೊಂದು ಪದ್ಧತಿ ಇತ್ತು. ಬಾಗಿಲ ಪಕ್ಕದ ದೊಡ್ಡ ಸ್ವಿಚ್ ಮೇಲೆ ಮಾಡುವುದು. ಮೂಲೆಯ ಮಷಿನ್ ಏಳುವವರೆಗೆ ಕಸ ಗುಡಿಸುವುದು. ಆಮೇಲೆ ಬಾಗಿಲ ಕಡೆಯಿಂದ ಒಂದೊಂದಾಗಿ ಐದನ್ನೂ ಹಚ್ಚುವುದು. ಒಂದರ ಹಸಿರು ದೀಪ ಬಂದಮೇಲೇ ಇನ್ನೊಂದು. ಮೊದಲನೆಯದರ ಪರದೆ ಸುಟ್ಟು ಎಷ್ಟೋ ತಿಂಗಳಾಗಿತ್ತು. ಅದನ್ನೂ ಬಿಡುತ್ತಿರಲಿಲ್ಲ.

"ಹುಲಿಗೆಮ್ಮ, ಕುರುಡು ಮಷಿನ್ ಯಾಕ ಹಚ್ತಿ? ಇದು ಕರೆಂಟಿನ ಸಾಮಾನು. ಇದಕ್ಕ ಬಾಗಿಲು ಗೋಡಿ ಗೊತ್ತಾಗಂಗಿಲ್ಲ" ಎಂದು ನಾನು ನಕ್ಕಿದ್ದೆ.

"ನಿಮಗ ಗೊತ್ತಾಗಂಗಿಲ್ಲ ಸರ್, ಅದಕ್ಕ ಗೊತ್ತಾಗತೈತಿ" ಎಂದಿದ್ದಳು.

ನಾನು ಅಲ್ಲೇ ನಿಂತು ಮೂಢನಂಬಿಕೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅವಳು ಕೇಳಿಸಿಕೊಳ್ಳುತ್ತ ನಾಲ್ಕನೆಯದನ್ನೂ ಐದನೆಯದನ್ನೂ ಹಚ್ಚಿ ಮುಗಿಸಿದಳು.

ಇನ್ನು ಸುಜಾತಳ ತಾಯಿ. ತಿಪ್ಪಮ್ಮ ಅಂತ ಅವರ ಹೆಸರು. ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ಸಸಿ ನೆಡುತ್ತ ಮಗಳನ್ನು ಓದಿಸಿದವರು. ಐವತ್ತು ದಾಟಿದ ಮೇಲೆ, ಮಗಳ ಕೈಯಲ್ಲೇ ಅಕ್ಷರ ಕಲಿತರು. ಆಮೇಲೆ ಅವರ ಜೊತೆ ಬಸ್ಸಿನಲ್ಲಿ ಹೋಗುವುದೇ ಒಂದು ಸಂಭ್ರಮ. ಕಂಪ್ಲಿಯಿಂದ ಹೊಸಪೇಟೆಯವರೆಗೆ ಕಿಟಕಿಗೆ ಮುಖವಿಟ್ಟು ಒಂದೊಂದು ಬೋರ್ಡನ್ನೂ ಜೋರಾಗಿ ಓದುತ್ತಿದ್ದರು. "ರೈ...ಸ್ ಮಿ...ಲ್ಲು. ಏ ಸುಜೀ, ರೈಸ್ ಮಿಲ್ಲು ಬಂತು!" ಆ ಮಿಲ್ಲಿನ ಮುಂದೆ ಅವರು ಮೂವತ್ತು ವರ್ಷ ಓಡಾಡಿದ್ದರು.

ಆದರೆ ಅವರಿಗೆ ಓದಲು ಬರುತ್ತಿದ್ದದ್ದು ಅಚ್ಚಿನ ಅಕ್ಷರ ಮಾತ್ರ. ಕೈಬರಹ ಕಂಡರೆ ಕಾಗದ ಮಡಚಿಡುತ್ತಿದ್ದರು. "ಇರುವಿ ಹರದಾಡಿದಂಗ ಐತಿ ಇದು. ಒಬ್ಬೊಬ್ಬರದು ಒಂದೊಂದು ನಮೂನಿ ಇರುವಿ" ಎನ್ನುತ್ತಿದ್ದರು.

ಆ ಹಾಲಿನಲ್ಲಿ ಮದುವೆ ಎಂದರೆ ಪುರೋಹಿತರಿಲ್ಲ. ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚುತ್ತಾರೆ. ಒಬ್ಬರು ಪ್ರತಿಜ್ಞೆಯ ಸಾಲುಗಳನ್ನು ಓದುತ್ತಾರೆ, ಮದುಮಕ್ಕಳು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟೇ. ಓದುವವರು ಸಾಮಾನ್ಯವಾಗಿ ಓಣಿಯ ಹಿರಿಯ ಮೇಷ್ಟ್ರು. ನಮ್ಮ ಮದುವೆ ಗೊತ್ತಾದಾಗ ಸುಜಾತ, "ನಮ್ಮ ಮದುವಿಗೆ ಅವ್ವ ಓದತಾಳ" ಎಂದಳು. ಸಾಲುಗಳನ್ನು ನಾನೇ ಬರೆಯುತ್ತೇನೆ ಎಂದೆ. "ಏನಾರ ಬರೀರಿ, ನನ್ನ ತಕರಾರಿಲ್ಲ. ಆದ್ರ ಅವ್ವನ ಕೈಯಾಗ ಅಚ್ಚಿನ ಹಾಳಿ ಇರಬೇಕು. ಇದೊಂದ ಕೇಳೋದು ನಾನು" ಎಂದಳು. ತಿಪ್ಪಮ್ಮ ಈ ಸುದ್ದಿಯನ್ನು ಗದ್ದೆಯಲ್ಲಿ ಜೊತೆಗಿದ್ದ ಹೆಂಗಸರಿಗೆಲ್ಲ ಹೇಳಿ, ಅವರನ್ನು ಒಂದು ಟೆಂಪೋ ತುಂಬ ಕರೆತರುವ ಏರ್ಪಾಡು ಮಾಡಿದರು. ಅವರು ನೋಡಬೇಕಾಗಿದ್ದದ್ದು ಮದುಮಗನನ್ನಲ್ಲ, ತಿಪ್ಪಮ್ಮ ಓದುವುದನ್ನು.

ಒಂದು ಸಂಜೆಯ ಕೆಲಸ ಅದು. ನಾನು ಒಂದು ತಿಂಗಳು ತೆಗೆದುಕೊಂಡೆ. ಉಳಿದ ಸಾಲುಗಳು ಸುಲಭ. ಸುಳ್ಳು ಹೇಳುವುದಿಲ್ಲ, ಮನೆಗೆಲಸ ಇಬ್ಬರದೂ, ಸಿಟ್ಟು ಬಂದಾಗ ಊಟ ಬಿಡುವುದಿಲ್ಲ, ಇಂಥವು. ತೊಡಕಾದದ್ದು ಕೊನೆಯ ಸಾಲು. "ಕೊನೆಯವರೆಗೆ ಜೊತೆಗಿರುತ್ತೇವೆ" ಎಂದು ಬರೆದೆ. ಹೊಡೆದು ಹಾಕಿದೆ. ನಾಳೆಯದನ್ನು ಇವತ್ತೇ ಹೇಳಲು ಯಾವ ಪುರಾವೆ ಇದೆ? ಒಂದು ಉದ್ಯೋಗದಲ್ಲಿ ವರ್ಷ ಪೂರ್ತಿ ಕೂರದವನು ಕೊನೆಯವರೆಗೆ ಎನ್ನುವುದು ಪ್ರಾಮಾಣಿಕವೇ? ಮದುವೆಯ ಹಿಂದಿನ ಸಂಜೆಯವರೆಗೂ ಆ ಒಂದು ಸಾಲನ್ನು ಬರೆಯುತ್ತ ಅಳಿಸುತ್ತ ಕೂತಿದ್ದೆ. ಸುಜಾತ ಎರಡು ಸಲ ಕೇಳಿದಳು. ಬೆಳಿಗ್ಗೆ ಐದು ನಿಮಿಷದ ಕೆಲಸ ಎಂದೆ.

ಮದುವೆ ಭಾನುವಾರ ಹತ್ತು ಗಂಟೆಗೆ. ಎಂಟಕ್ಕೆ ಬಸವನ ಜೊತೆ ಮೇಲಿನ ಕೋಣೆಗೆ ಹೋದೆ. ಹುಲಿಗೆಮ್ಮ ಕೆಳಗೆ ಅಡುಗೆಯವರ ಜೊತೆ ಇದ್ದಳು. ದೊಡ್ಡ ಸ್ವಿಚ್ ಹಾಕಿದೆ. ನನಗೆ ಬೇಕಾದದ್ದು ಕಿಟಕಿಯ ಪಕ್ಕದ ಒಂದು ಮಷಿನ್ ತಾನೇ? ಅದೊಂದನ್ನೇ ಹಚ್ಚಿದೆ. ಕೊನೆಯ ಸಾಲಿಗೆ "ಸಾಧ್ಯವಾದಷ್ಟು ಕಾಲ ಜೊತೆಗಿರುತ್ತೇವೆ" ಎಂದು ಹಾಕಿ, ಅಕ್ಷರ ದೊಡ್ಡದು ಮಾಡಿ, ಪ್ರಿಂಟ್ ಕೊಟ್ಟೆ.

ಏನೂ ಆಗಲಿಲ್ಲ. ಮುದುಕ ಅರಚಲಿಲ್ಲ.

ಮತ್ತೆ ಕೊಟ್ಟೆ. ಕೊಡುವ ಮುಂಚೆ, ಹೇಗೂ ಕೊಡುತ್ತಿದ್ದೇನಲ್ಲ ಎಂದು, ಕೊನೆಯ ಸಾಲನ್ನು "ಒಪ್ಪಿಗೆ ಇರುವವರೆಗೆ" ಎಂದು ತಿದ್ದಿದೆ. ಏನೂ ಇಲ್ಲ. ಕೇಬಲ್ ಕಿತ್ತು ಹಾಕಿದೆ. ಮೇಜಿನ ಕೆಳಗೆ ನುಗ್ಗಿ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಪ್ರಿಂಟರಿನ ರಿಬ್ಬನ್ ತೆಗೆದು ಹಾಕಿ ಕೈಯೆಲ್ಲ ಕಪ್ಪಾಯಿತು. ಪ್ರಿಂಟರ್ ತನ್ನಷ್ಟಕ್ಕೆ ತಾನು ಚೆನ್ನಾಗಿಯೇ ಇತ್ತು. ಗುಂಡಿ ಒತ್ತಿದರೆ ಕಾಗದ ಮುಂದಕ್ಕೆ ತಳ್ಳುತ್ತಿತ್ತು. ದೊಡ್ಡ ಮಷಿನ್ ಮಾತ್ರ, "ಕಳಿಸುತ್ತಿದ್ದೇನೆ, ಕಳಿಸುತ್ತಿದ್ದೇನೆ" ಎಂದು ತೋರಿಸುತ್ತಲೇ ಇತ್ತು. ಒಂದೊಂದು ಪ್ರಯತ್ನಕ್ಕೂ ನಾನು ಕೊನೆಯ ಸಾಲು ತಿದ್ದುತ್ತ ಹೋದೆ.

"ಲೇ, ಪೆನ್ ಡ್ರೈವಿಗೆ ಹಾಕ್ಕೊಡು, ಬಸ್ ಸ್ಟ್ಯಾಂಡಿನ ಹತ್ರ ಹೊಡಿಸ್ಕೊಂಡ್ ಬರ್ತೀನಿ" ಎಂದ ಬಸವ. ಹೋಗಿ ಅರ್ಧ ಗಂಟೆಗೆ ಬಂದ. ಬಾಗಿಲು ತೆರೆದಿದ್ದ ಒಂದೇ ಅಂಗಡಿಯ ಕಂಪ್ಯೂಟರಿಗೆ ನಮ್ಮ ಅಕ್ಷರ ಹಿಡಿಸಿರಲಿಲ್ಲ. ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿದ್ದವು, ಕೊಂಬುಗಳು ಎಲ್ಲೋ, ಅಕ್ಷರ ಎಲ್ಲೋ. ಉಳಿದದ್ದು ಚೌಕ ಚೌಕ. ಬಸವ ಅದನ್ನು ತಲೆಕೆಳಗೆ ಮಾಡಿಯೂ ನೋಡಿ, "ಹಿಂಗೂ ಬರವಲ್ದು" ಎಂದ. ನಮ್ಮ ಜೇಬಿನ ಫೋನುಗಳಿಗೆ ಆಗಿನ್ನೂ ಕನ್ನಡವೇ ಬರುತ್ತಿರಲಿಲ್ಲ.

ನಾನು ಒಂದು ಹಾಳೆಯ ಮೇಲೆ ಕೈಯಿಂದಲೇ ದುಂಡಗೆ, ಅಚ್ಚಿನಂತೆ ಬರೆದು ಕೆಳಗೆ ಕಳಿಸಿದೆ. ಐದು ನಿಮಿಷಕ್ಕೆ ಸುಜಾತ ಅದನ್ನು ಹಿಡಿದುಕೊಂಡು ತಾನೇ ಮೇಲೆ ಬಂದಳು. ಬಿಳಿ ಸೀರೆ, ಮುಡಿಯಲ್ಲಿ ಮಲ್ಲಿಗೆ. ನಾನು ಮೇಜಿನ ಕೆಳಗಿನಿಂದ ಮೊದಲು ಕಂಡದ್ದು ಅವಳ ಪಾದ.

"ಅವ್ವ ಎರಡು ಅಕ್ಷರ ನೋಡಿದ್ಲು. ಮಡಚಿ ಕೊಟ್ಲು. 'ಬ್ಯಾಡ ಬಿಡವ್ವ, ಮೇಷ್ಟ್ರೇ ಓದ್ಲಿ, ನಂದೇನೈತಿ' ಅಂದ್ಲು."

ನಾನು ಮೇಜಿನ ಕೆಳಗಿನಿಂದ ತಲೆಯೊಂದನ್ನು ಹೊರಗೆ ಹಾಕಿದೆ.

"ನಕ್ಕೋಂತ ಅಂದ್ಲು. ಕಂಪ್ಲಿ ಟೆಂಪೋ ಬಂದೈತಿ, ಎಲ್ಲಾರು ಮುಂದಿನ ಸಾಲಿನಾಗ ಕುಂತಾರ. ಅವರ ಮುಂದನೂ ನಕ್ಕೋಂತ ಅಂದ್ಲು" ಎಂದು ಹೇಳಿ ಸುಜಾತ ಕಿಟಕಿಯ ಕಡೆ ತಿರುಗಿ ನಿಂತಳು. ಅವಳು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಆಗ ಮೆಟ್ಟಿಲು ಹತ್ತುತ್ತ ಹುಲಿಗೆಮ್ಮ ಬಂದಳು. ಕೈಯೆಲ್ಲ ಕಡಲೆಹಿಟ್ಟು. "ಮದುಮಗ ಎಲ್ಲಿ ಅಂತ ಕೆಳಗ ಕೇಳಾಕತ್ತಾರ, ಇಲ್ಲಿ ಮಲಗೀರೇನು?" ಎಂದವಳು ಕೋಣೆ ನೋಡಿ ನಿಂತಳು.

"ಯಾಕ ಸರ್, ಒಂದ ಹಚ್ಚೀರಿ?"

"ಒಂದ ಸಾಕು ಹುಲಿಗೆಮ್ಮ. ಪ್ರಿಂಟರ್ ಇರೋದು ಇದಕ್ಕ."

"ಹಂಗ ಬರಂಗಿಲ್ರಿ ಅದು. ಬಾಗಿಲ ಕಡೆಯಿಂದ ಹಚ್ಚಬೇಕು."

"ಈಗ ಅದೆಲ್ಲ ಬ್ಯಾಡ. ನನಗ ತಲಿ ಕೆಟ್ಟೈತಿ."

"ತಲಿ ಆಮ್ಯಾಲ ಕೆಡಿಸ್ಕೊಳ್ರಿ, ಮೊದಲ ಅಲ್ಲಿಂದ ಹೊರಗ ಬರ್ರಿ."

ಅವಳು ಮೊಣಕೈಯಿಂದ ದೊಡ್ಡ ಸ್ವಿಚ್ ಕೆಳಗೆ ಮಾಡಿದಳು. ಕೋಣೆ ಸತ್ತಂತಾಯಿತು. ಮತ್ತೆ ಮೇಲೆ ಮಾಡಿದಳು. ಮೂಲೆಯ ಮಷಿನ್ ನಿಧಾನಕ್ಕೆ ಏಳತೊಡಗಿತು. ಕೆಳಗೆ ಯಾರೋ ಮೈಕ್ ಪರೀಕ್ಷೆ ಮಾಡುತ್ತಿದ್ದರು. ಹುಲಿಗೆಮ್ಮ ಸೀರೆಗೆ ಕೈ ಒರೆಸಿಕೊಂಡು ಬಾಗಿಲ ಪಕ್ಕದ ಕುರುಡು ಮಷಿನ್ ಹಚ್ಚಿದಳು. ಹಸಿರು ದೀಪ ಬರುವವರೆಗೆ ಅದರ ಮುಂದೆ ನಿಂತಳು. ಆಮೇಲೆ ಎರಡನೆಯದು.

"ಎರಡು ವರ್ಷದ ಹಿಂದ ಮೊದಲನೇದರ ವೈರ್ ಇಲಿ ಕಡದಿತ್ತು ನೋಡ್ರಿ, ಅವತ್ತು ಪ್ರಿಂಟ್ ಬರಲಿಲ್ಲ. ಮರುದಿನ ಸರಿ ಮಾಡಿ ಹಚ್ಚಿದೆ, ಬಂತು. ನನಗ ಅನುಮಾನ ಬಂತು. ಬೇಕಂತನ ಒಂದಿನ ಅದನ್ನ ಹಚ್ಚದ ಬಿಟ್ಟೆ, ಬರಲಿಲ್ಲ. ಇನ್ನೊಂದಿನ ಉಲ್ಟಾ ಹಚ್ಚಿದೆ, ಬಂತು. ಇದೇನಪ್ಪ ಅಂತ ಎಣಿಸಿ ನೋಡಿದ್ರ, ಆ ಕಡೆಯಿಂದಲೂ ಕಿಟಕೀದು ಮೂರನೇದ! ಅದು ಮೂರನೇದಾಗೇ ಏಳಬೇಕ್ರಿ. ಮೂರು ಸಲ ಮಾಡಿ ನೋಡೀನಿ ನಾನು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಒಂದೇ ಕ್ಷಣಕ್ಕೆ ಎಲ್ಲ ಕಂಡಿತು. ದೊಡ್ಡ ಮಷಿನ್ನು ನಂಬರುಗಳನ್ನು ಹಂಚುತ್ತಿದ್ದದ್ದು ಎದ್ದ ಸರದಿಯಲ್ಲಿ. ಮೊದಲು ಕೂಗಿದವನಿಗೆ ಒಂದು, ಆಮೇಲೆ ಕೂಗಿದವನಿಗೆ ಎರಡು. ಯಾವ ಮಷಿನ್ನಿಗೆ ಯಾವ ನಂಬರು ಎಂದು ಕಾಯಂ ಬರೆದಿಡಬೇಕಾದದ್ದು ನನ್ನ ಕೆಲಸ, ನಾನು ಮಾಡಿರಲಿಲ್ಲ. ಇವತ್ತು ಒಬ್ಬನನ್ನೇ ಎಬ್ಬಿಸಿ ಒಂದನೇ ನಂಬರು ಕೊಡಿಸಿ, ಹುಟ್ಟದೇ ಇದ್ದ ಮೂರನೆಯವನಿಗೆ ಕಾಗದ ಕಳಿಸುತ್ತ ಎರಡು ತಾಸು ಕೂತಿದ್ದೆ. ಎರಡು ವರ್ಷ ನನ್ನ ಜಾಣತನವೆಂದುಕೊಂಡದ್ದು ಹುಲಿಗೆಮ್ಮನ ಪದ್ಧತಿಯಾಗಿತ್ತು. ಆ ಕೋಣೆಯಲ್ಲಿ ಅನುಮಾನಪಟ್ಟು, ಪ್ರಯೋಗ ಮಾಡಿ, ಫಲ ನೋಡಿ, ಆಮೇಲೆ ನಂಬಿದವಳು ಅವಳು. ಭೌತಶಾಸ್ತ್ರ ಓದಿದವನು ಉಪನ್ಯಾಸ ಕೊಟ್ಟಿದ್ದ.

ಮೂರನೆಯದನ್ನು ಹಚ್ಚಿ ಅವಳು ಕೈ ಹಿಂದೆ ತೆಗೆದಳು. ದೀಪ ಹಸಿರಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುದುಕ ಒಮ್ಮೆ ಕೆಮ್ಮಿ ಕರಕರ ಅರಚತೊಡಗಿದ. ಆ ಸದ್ದು ಕೆಳಗಿನವರೆಗೂ ಕೇಳಿರಬೇಕು. ಹಾಲಿನಲ್ಲಿ ಮಾತು ನಿಂತಿತು. ಯಾರೋ ಹೆಂಗಸು, "ತಿಪ್ಪೀ, ನಿನ್ನ ಹಾಳಿ ಬಂತು ನೋಡಲೇ!" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಮೊದಲ ಹಾಳೆ ಹೊರಬಂದದ್ದೇ ತಡ ಬಸವ ಅದನ್ನು ಹರಿದುಕೊಂಡು ಮೆಟ್ಟಿಲು ಇಳಿದ. ಆಮೇಲೆ ಎರಡನೆಯದು ಬಂತು. ಮೂರನೆಯದು. ಡಿಸ್ಕ್ ಇದ್ದ ದೊಡ್ಡ ಮಷಿನ್ ಕರೆಂಟು ಹೋದರೂ ನನ್ನ ಯಾವ ಪ್ರಯತ್ನವನ್ನೂ ಮರೆತಿರಲಿಲ್ಲ. ಬೆಳಗಿನಿಂದ ಕೊಟ್ಟದ್ದೆಲ್ಲ ಸರದಿಯಲ್ಲಿ ಬರುತ್ತಿತ್ತು. "ಒಪ್ಪಿಗೆ ಇರುವವರೆಗೆ", "ಆರೋಗ್ಯ ಅನುಮತಿಸಿದಷ್ಟು ಕಾಲ", "ಪರಿಸ್ಥಿತಿಗೆ ತಕ್ಕಂತೆ". ಸುಜಾತ ಒಂದೊಂದನ್ನೂ ಎತ್ತಿಕೊಂಡು ಓದುತ್ತಿದ್ದಳು. ಕೊನೆಯದರಲ್ಲಿ, ಬೇಸತ್ತು ಹಾಕಿದ್ದೋ ಮನಸಾರೆ ಹಾಕಿದ್ದೋ ಈಗ ಹೇಳಲಾರೆ, "ಕೊನೆಯವರೆಗೆ" ಎಂದಿತ್ತು. ಕೆಳಗೆ ಹೋದದ್ದು ಮಾತ್ರ ಮೊದಲನೆಯದು.

"ಲೇ ಬಸವಾ, ಅದು ಹಳೇದು!" ಎಂದು ಕೂಗಿದೆ. ಸುಜಾತ ನನ್ನ ತೋಳು ಹಿಡಿದಳು. "ಇರ್ಲಿ ಬಿಡ್ರಿ. ಅವ್ವನ ಕೈಗೆ ಸಿಕ್ಕಿರತೈತಿ. ಇನ್ನ ಕಸ್ಕೊಳ್ಳಾಕ ಹೋಗಬ್ಯಾಡ್ರಿ."

ನಾವು ಇಳಿದು ಬಂದಾಗ ತಿಪ್ಪಮ್ಮ ಬುದ್ಧನ ಚಿತ್ರದ ಪಕ್ಕ ಎದ್ದು ನಿಂತಿದ್ದರು. ಕನ್ನಡಕ ಹಾಕಿಕೊಂಡಿದ್ದರು. ಹಾಳೆಯ ಎರಡೂ ಬದಿಯ ತೂತಿನ ಅಂಚು ಹಾಗೇ ಇತ್ತು. ಬತ್ತಿ ಹಚ್ಚಿದ್ದಾಯಿತು. ತಿಪ್ಪಮ್ಮ ಮೊದಲ ಸಾಲಿನ ಕೆಳಗೆ ಬೆರಳಿಟ್ಟರು. "ನಾ...ವು" ಎಂದರು. ಮೈಕಿನಲ್ಲಿ ಅವರ ಉಸಿರೂ ಕೇಳುತ್ತಿತ್ತು. "ಒ...ಬ್ಬ...ರಿ...ಗೊಬ್ಬರು." ಒಂದು ಸಾಲಿಗೆ ಒಂದು ನಿಮಿಷ ಹಿಡಿಯಿತು. ಹಾಲಿನಲ್ಲಿದ್ದ ಯಾರೂ ಕೆಮ್ಮಲಿಲ್ಲ, ಯಾರೂ ಮುಂದಿನ ಅಕ್ಷರ ಎತ್ತಿಕೊಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಕಂಪ್ಲಿಯ ಹೆಂಗಸರ ತುಟಿಗಳು ಮಾತ್ರ ಅವರ ತುಟಿಯ ಜೊತೆ ಅಲುಗುತ್ತಿದ್ದವು. ಒಂದೊಂದು ಸಾಲು ಮುಗಿದಾಗಲೂ ನಾವಿಬ್ಬರೂ ಹೇಳಿದೆವು. ಅಷ್ಟು ನಿಧಾನವಾಗಿ ಯಾರಾದರೂ ಮದುವೆಯಾಗಿದ್ದಾರೋ ಇಲ್ಲವೋ.

ಕೊನೆಯ ಸಾಲು ಬಂತು. "ಸಾ...ಧ್ಯ...ವಾ...ದಷ್ಟು. ಕಾಲ. ಜೊತೆ...ಗಿ...ರು...ತ್ತೇವೆ." ಒಂದು ಒತ್ತೂ ತಪ್ಪಲಿಲ್ಲ. ಓದಿ ಮುಗಿಸಿ ಅವರು ತಲೆಯೆತ್ತಿದರು. ಬಸ್ಸಿನ ಕಂಡಕ್ಟರನ್ನು ಕೇಳುವಷ್ಟು ಸಹಜವಾಗಿ, "ಎಷ್ಟಪ್ಪಾ ಅದು?" ಎಂದರು.

ಹಾಲ್ ನಕ್ಕಿತು. ಕಂಪ್ಲಿಯ ಹೆಂಗಸೊಬ್ಬಳು, "ಕೇಳ ತಿಪ್ಪಿ, ಬಿಡಬ್ಯಾಡ!" ಎಂದಳು. ನಾನು ಅವರ ಮುಖ ನೋಡಿದೆ, ಸುಜಾತಳ ಮುಖ ನೋಡಿದೆ. "ಕೊನೀತನಕ, ಅತ್ತೀ" ಎಂದೆ.

ಹೀಗೆ ನಡೆಯಿತು ಎನ್ನುವುದು ನನ್ನ ನೆನಪು. ಸುಜಾತ ಇದನ್ನು ಒಪ್ಪುವುದಿಲ್ಲ. ನಾನು ಏನೂ ಹೇಳಲಿಲ್ಲವಂತೆ. ಕಪ್ಪಾದ ಕೈಗಳನ್ನು ಹಿಂದೆ ಮುಚ್ಚಿಟ್ಟುಕೊಂಡು ತಲೆ ತಗ್ಗಿಸಿ ನಿಂತಿದ್ದೆನಂತೆ. ಅವಳೇ ನನ್ನ ಪರವಾಗಿ ನಕ್ಕಳಂತೆ. ಬಸವನನ್ನು ಕೇಳಿದರೆ, "ನೀ ಅತ್ತಿದ್ದಿ ಬಿಡಲೇ" ಎನ್ನುತ್ತಾನೆ. ಹುಲಿಗೆಮ್ಮನ ಪ್ರಕಾರ ನಾನು ಹೇಳಿದ್ದು, "ನೋಡೋಣ ಅತ್ತೀ" ಎಂದು. ಇದು ಎಲ್ಲಕ್ಕಿಂತ ನನಗೆ ಹೆಚ್ಚು ಹೊಂದುತ್ತದೆ, ಅದಕ್ಕೇ ಹೆದರಿಕೆ. ಹರಿಗೋಲಿನ ವಿಷಯದಲ್ಲಿ ಮೋಸಹೋದವನು ನಾನು. ಹೇಳಬೇಕಾಗಿದ್ದ ಒಂದು ಮಾತನ್ನು ಆಮೇಲೆ, ಎಷ್ಟೋ ದಿನದ ಮೇಲೆ, ನನ್ನದೇ ಬಾಯಿಗೆ ತುರುಕಿಕೊಂಡಿಲ್ಲ ಎನ್ನಲು ಪುರಾವೆ ಏನು? ಹನ್ನೆರಡು ವರ್ಷವಾಯಿತು. ನಾನು ಒಂದೇ ಮನೆಯಲ್ಲಿ, ಒಬ್ಬಳ ಜೊತೆಯಲ್ಲೇ ಇದ್ದೇನೆ. ಆದರೂ ಅವತ್ತು ನಾನು ಹೇಳಿದೆನೋ ಇಲ್ಲವೋ ಎನ್ನುವುದು ನನಗೆ ಬೇಕು.

ಸಂಡೂರಿನಿಂದ ಬಂದ ಮುಂದಿನ ಭಾನುವಾರ ನಾವು ಕಂಪ್ಲಿಗೆ ಹೋದೆವು. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ.

"ಅತ್ತೀ, ಮದುವಿ ದಿನ ನೀವು 'ಎಷ್ಟಪ್ಪಾ ಅದು' ಅಂತ ಕೇಳಿದ್ರಿ. ನೆನಪೈತೇನು?"

"ಕೇಳಿದ್ದೆ ಹೌದು."

"ನಾ ಏನಂದೆ?"

ಅವರು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು.

"ನನಗ್ಯಾಂಗ ಗೊತ್ತಪ್ಪ? ನಾ ನಿನ್ನ ಮಾರಿ ನೋಡ್ತಿದ್ದೆ ಅನ್ಕೊಂಡಿ ಏನು? ಕೇಳಿ ಬಿಟ್ಟು ಹಾಳಿ ನೋಡಿದೆ. ಇನ್ನೊಂದು ಸಾಲು ಐತೇನೋ, ಮುಗೀತೇನೋ ಅಂತ ಬೆರಳಿಟ್ಕೊಂಡು ಹುಡುಕಾಕತ್ತಿದ್ದೆ. ಎದಿ ಡವ ಡವ ಅಂತಿತ್ತು. ಸಾಲು ಇದ್ದಿಲ್ಲ. ಪೂರಾ ಓದಿ ಮುಗಿಸಿದ್ದೆ ನಾನು."

"ಮತ್ತ ನಾ ಏನಾರ ಅಂದಿದ್ದು ಕಿವಿಗೆ ಬೀಳಲಿಲ್ಲೇನು?"

"ನೀ ಅಂದಿದ್ದು ನೀ ಇಟ್ಕ. ಏಳು ಸಾಲು ಓದಿದೆ, ಒಂದು ತಪ್ಪಲಿಲ್ಲ. ನನಗ ಅಷ್ಟ ನೆನಪು."

"ಆರು ಸಾಲಿದ್ದಂಗ ನೆನಪು ಅತ್ತೀ ನನಗ. ಬರದವನು ನಾನ."

ಅತ್ತೆ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಕನ್ನಡಕದ ಹಿಂದೆ ಆ ಕಣ್ಣುಗಳಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ.

"ಏಳು" ಎಂದರು. "ಓದಿದಾಕಿ ನಾನು."

ಏಳೇ ಇರಬೇಕು.